ಸಂಘದ ಮೊಬೈಲ್ ಫೋನುಗಳನ್ನು ಒಂದೆಡೆಯಿಂದ ನಿರ್ವಹಿಸುವುದರ ಪ್ರಯೋಜನ

ಕೃಷಿ ಪತ್ತಿನ ಸಹಕಾರ ಸಂಘಗಳೂ ರೈತ ಉತ್ಪಾದಕ ಕಂಪನಿಗಳೂ ಈಚೆಗೆ ತಮ್ಮ ನೌಕರರ ಕೈಗೆ ಮೊಬೈಲ್ ಫೋನುಗಳನ್ನು ಕೊಟ್ಟು ಕೆಲಸ ನಡೆಸುತ್ತಿರುವುದು ವಾಚಕರಿಗೆ ತಿಳಿದ ವಿಷಯವೇ ಸರಿ. ಸದಸ್ಯರ ಹೆಸರು, ಜಮೀನಿನ ಸರ್ವೆ ನಂಬರು, ಬ್ಯಾಂಕಿನ ಖಾತೆ, ಗೊಬ್ಬರದ ಬಾಕಿ, ಒಪ್ಪಿಸಿದ ಧಾನ್ಯದ ತೂಕ ಮುಂತಾದುವು ಹಿಂದೆ ಬೀಗ ಹಾಕಿದ ಬೀರುವಿನೊಳಗಣ ದಫ್ತರಗಳಲ್ಲಿ ಇರುತ್ತಿದ್ದುವು. ಈಗ ಅಂಗಿಯ ಜೇಬಿನಲ್ಲಿ ಊರೂರು ಸುತ್ತುತ್ತಿವೆ. ಉಗ್ರಾಣದ ಬೀಗದ ಕೈ ಯಾರ ಬಳಿ ಇದೆಯೆಂದು ವಿಚಾರಿಸುವ ಆಡಳಿತ ಮಂಡಲಿಯವರು, ಫೋನುಗಳು ಎಷ್ಟು, ಅವುಗಳೊಳಗೆ ಏನಿದೆ ಎಂದು ವಿಚಾರಿಸುವುದು ಅಪೂರ್ವ. ಗ್ರಾಮದ ಮುಖಂಡರೂ ಭೂಮಾಲೀಕರೂ ಅನೇಕ ಕಡೆ ಇಂಥ ಮಂಡಲಿಗಳಲ್ಲಿರುವವರಾದುದರಿಂದ ಈ ವಿಷಯವನ್ನು ಅವರ ಗಮನಕ್ಕೆ ತರಲಾಗಿದೆ.

ಕೇಂದ್ರೀಯ ನಿರ್ವಹಣೆಯೆಂದರೆ, ಸಂಘದ ಎಲ್ಲ ಫೋನುಗಳನ್ನೂ ಒಂದು ನಿರ್ವಾಹಕ ತಂತ್ರಾಂಶಕ್ಕೆ ಸೇರಿಸಿ, ಕಚೇರಿಯ ಕಂಪ್ಯೂಟರಿನಿಂದಲೇ ಅವುಗಳಿಗೆ ಅಪ್ಪಣೆ ಕೊಡುವ ಏರ್ಪಾಡು. ಯಾವ ಆ್ಯಪ್ ಇರತಕ್ಕದ್ದು, ಯಾವುದು ಕೂಡದು, ಫೋನನ್ನು ತೆರೆಯುವ ಗುಪ್ತಸಂಖ್ಯೆ ಎಷ್ಟು ಅಂಕೆಗಳದ್ದಾಗಿರಬೇಕು ಎಂಬುದನ್ನೆಲ್ಲ ಅಲ್ಲಿಂದಲೇ ಗೊತ್ತುಮಾಡಬಹುದು. ಆಂಡ್ರಾಯ್ಡ್ ಫೋನನ್ನು ಪೂರ್ಣವಾಗಿ ಈ ಆಡಳಿತಕ್ಕೆ ಒಳಪಡಿಸಬೇಕಾದರೆ ಮೊದಲ ಸಲ ಚಾಲನೆಗೊಳಿಸುವಾಗಲೇ ಸೇರಿಸಬೇಕು. ಬಳಕೆಗೆ ಬಂದ ಮೇಲಾದರೆ ಒಳಗಿನದನ್ನೆಲ್ಲ ಅಳಿಸಿ ಮತ್ತೆ ಮೊದಲಿಡಬೇಕಾಗುತ್ತದೆ.

ಇದರ ಮುಖ್ಯ ಪ್ರಯೋಜನವು ಫೋನು ಕಳೆದಾಗ ಕಂಡುಬರುವುದು. ಸಂತೆಯಲ್ಲಿಯೋ ಬಸ್ಸಿನಲ್ಲಿಯೋ ಕಳೆದ ಫೋನಿಗೆ ಕಚೇರಿಯಿಂದಲೇ ಬೀಗ ಹಾಕಿ, ಒಳಗಿನ ವಿವರಗಳನ್ನು ಅಳಿಸಿಬಿಡಬಹುದು. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯವರು 2023ರಲ್ಲಿ ತೆರೆದ ಸಂಚಾರ ಸಾಥಿ ಜಾಲತಾಣದಲ್ಲಿ, ಪೊಲೀಸ್ ದೂರಿನ ಪ್ರತಿಯೊಡನೆ ಅರ್ಜಿ ಸಲ್ಲಿಸಿದರೆ, ಆ ಫೋನು ಯಾವ ಕಂಪನಿಯ ಸಿಮ್ಮಿನಿಂದಲೂ ನಡೆಯದಂತೆ ತಡೆಯುತ್ತಾರೆಂಬುದು ನಿಜ. ಆದರೆ ಈ ತಡೆಯಿಂದ ಒಳಗಿರುವ ಸದಸ್ಯರ ವಿವರಗಳು ಅಳಿಯುವುದಿಲ್ಲ. ಅಷ್ಟೇ ಅಲ್ಲದೆ, ಅಳಿಸುವ ಅಪ್ಪಣೆಯು ತಲಪಬೇಕಾದರೆ ಫೋನು ಜಾಲದ ಸಂಪರ್ಕದಲ್ಲಿರಬೇಕು. ಆದಕಾರಣ ಮೊದಲು ಬೀಗ ಹಾಕಿ ಅಳಿಸುವುದು, ತರುವಾಯ ತಡೆಯ ಅರ್ಜಿ ಕೊಡುವುದು. ಈ ಅನುಕ್ರಮವನ್ನು ತಪ್ಪಿಸಕೂಡದು. ಅರ್ಜಿಗೆ ಫೋನಿನ 15 ಅಂಕೆಗಳ ಐಎಂಇಐ ಸಂಖ್ಯೆ ಬೇಕು. *#06# ಎಂದು ಒತ್ತಿದರೆ ಅದು ಕಾಣುತ್ತದೆ. ಎರಡು ಸಿಮ್ಮಿನ ಫೋನಿಗೆ ಇಂಥ ಸಂಖ್ಯೆಗಳು ಎರಡು. ಫೋನೇ ಕೈತಪ್ಪಿದ ಮೇಲೆ ಒತ್ತಿ ನೋಡುವುದೆಲ್ಲಿ ಬಂತು? ಕೊಂಡ ದಿನವೇ ದಾಸ್ತಾನು ಪುಸ್ತಕದಲ್ಲಿ ಬರೆದಿಡಬೇಕು.

ನೌಕರನು ಕೆಲಸ ಬಿಟ್ಟಾಗಲೂ ಹೀಗೆಯೇ. ಸಂಘದ ಫೋನಿಗೆ ತನ್ನ ಸ್ವಂತ ಗೂಗಲ್ ಖಾತೆಯನ್ನು ಹಾಕಿಕೊಂಡಿದ್ದವನು ಅದನ್ನು ತೆಗೆಯದೆ ಒಪ್ಪಿಸಿಹೋದರೆ, ಬಲವಂತವಾಗಿ ಅಳಿಸಿ ಮೊದಲಿಟ್ಟರೂ ಫೋನು ಆ ಹಳೆಯ ಖಾತೆಯ ಗುಪ್ತಪದವನ್ನೇ ಕೇಳುವುದು. ಕಳ್ಳತನವನ್ನು ತಡೆಯಲು 2015ರಿಂದ ಆಂಡ್ರಾಯ್ಡಿನಲ್ಲಿ ಬಂದ ಏರ್ಪಾಡಿದು; ಇಲ್ಲಿ ಒಡೆಯನಿಗೇ ತೊಡಕಾಗುತ್ತದೆ. ಕೇಂದ್ರದಿಂದ ನಿರ್ವಹಿಸುವ ಫೋನಿನಲ್ಲಿ ಸ್ವಂತ ಖಾತೆ ಸೇರದಂತೆ ಮೊದಲೇ ಕಟ್ಟುಮಾಡಬಹುದು.

ಹಂಗಾಮಿನ ಕೆಲಸದಲ್ಲಿಯೂ ಅನುಕೂಲವುಂಟು. ನಮ್ಮ ರಾಜ್ಯದ ಬೆಳೆ ಸಮೀಕ್ಷೆಯಲ್ಲಿ ತಾಕುತಾಕಿಗೆ ನಿಂತು ಚಿತ್ರ ತೆಗೆಯಬೇಕು. 2020ರಿಂದ ರೈತರೇ ಇದನ್ನು ಮಾಡಲು ಅವಕಾಶವಾಗಿದೆ. ಈ ದಾಖಲೆಯು ಬೆಳೆ ವಿಮೆಗೂ ಪರಿಹಾರಕ್ಕೂ ಆಧಾರವಾಗುವುದರಿಂದ, ಸದಸ್ಯರಿಗೆ ನೆರವಾಗಲು ಹೊರಟ ಸಂಘದ ನೌಕರನ ಫೋನಿನಲ್ಲಿ ಹಳೆಯ ಆ್ಯಪ್ ಇದ್ದರೆ, ಅಥವಾ ಸ್ಥಳ ತೋರಿಸುವ ಸೌಲಭ್ಯ ಮುಚ್ಚಿದ್ದರೆ, ನಷ್ಟವು ರೈತನದು. ಇವೆರಡನ್ನೂ ಹಿಂದಿನ ರಾತ್ರಿಯೇ ಕಚೇರಿಯಿಂದ ಸರಿಪಡಿಸಬಹುದು.

ನೌಕರನ ಸ್ವಂತ ಫೋನಿನಲ್ಲಿ ಸಂಘದ ಕೆಲಸ ನಡೆಯುವುದಾದರೆ ಪೂರ್ಣ ಹತೋಟಿ ಸಲ್ಲದು. 2014ರಿಂದ ಆಂಡ್ರಾಯ್ಡಿನಲ್ಲಿ ಕೆಲಸದ ಭಾಗವನ್ನು ಬೇರೆಯಾಗಿ ಇಡುವ ವ್ಯವಸ್ಥೆಯಿದೆ. ಸಂಘವು ಅದೊಂದನ್ನೇ ಆಳುವುದು, ಅದನ್ನೇ ಅಳಿಸುವುದು. ಆತನ ಮನೆಯವರ ಚಿತ್ರಗಳೂ ಸಂದೇಶಗಳೂ ಸಂಘದ ಕಣ್ಣಿಗೆ ಬೀಳುವುದಿಲ್ಲ. ಇದನ್ನು ನೌಕರನಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯತಕ್ಕದ್ದು.

ಎರಡು ಮೂರು ಫೋನುಗಳಿರುವ ಸಂಘವು ಇದಕ್ಕಾಗಿ ಶುಲ್ಕ ತೆರುವುದು ಅನಾವಶ್ಯಕವೆಂದೇ ನಮ್ಮ ಅಭಿಪ್ರಾಯ. ಸಂಘದ ಹೆಸರಿನ ಗೂಗಲ್ ಖಾತೆಯೊಂದನ್ನು ಅವುಗಳಿಗೆ ಹಾಕಿದರೆ, ಕಳೆದಾಗ ಬೀಗ ಹಾಕಿ ಅಳಿಸುವುದು ಅದರಿಂದಲೇ ಸಾಧ್ಯ. ಫೋನುಗಳು ಹತ್ತನ್ನು ಮೀರಿದರೆ ನಿರ್ವಾಹಕ ತಂತ್ರಾಂಶವೇ ಲೇಸು. ಆದರೆ ಅದರ ಗುಪ್ತಪದವೆಂದರೆ ಎಲ್ಲ ಫೋನುಗಳ ಬೀಗದ ಕೈ. ಅದು ಕಾರ್ಯದರ್ಶಿಯೊಬ್ಬರಲ್ಲಿಯೇ ಇದ್ದು ಅವರು ಕಾಯಿಲೆ ಬಿದ್ದರೆ ಅಥವಾ ಮುನಿಸಿಕೊಂಡು ಹೊರಟರೆ, ಸಂಘವೇ ಹೊರಗೆ ನಿಲ್ಲುವುದು. ಅಧ್ಯಕ್ಷರಿಗೂ ಬೇರೊಂದು ನಿರ್ವಾಹಕ ಖಾತೆಯನ್ನು ತೆರೆದಿಟ್ಟು, ಯಾವ ಫೋನನ್ನು ಯಾರು ಯಾವಾಗ ಅಳಿಸಿದರೆಂಬುದನ್ನು ಸಭೆಯ ನಡವಳಿ ಪುಸ್ತಕದಲ್ಲಿ ದಾಖಲು ಮಾಡಿಸತಕ್ಕದ್ದು.