ಐದು ಸೆಕೆಂಡಿನ ಓಟಕ್ಕೆ ಒಂದು ದೋಣಿ

(ಈ ವಾರದ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಹೋದ ಸಂಕ್ರಾಂತಿ ರಜೆಗೆ ಊರಿಗೆ ಹೋದಾಗ, ನಾಲ್ಕು ತಿಂಗಳು ಕೂತು ಕಟ್ಟಿದ ರಿಮೋಟ್ ದೋಣೀನ ನಮ್ಮ ಕೆರೆಗೆ ಬಿಟ್ಟೆ. ಏರಿ ಮೇಲೆ ನಿಂತು ಟ್ರಿಗರ್ ಪೂರ್ತಿ ಎಳೆದೆ. ಮೂರು ಸೆಕೆಂಡ್ ಚೆನ್ನಾಗೇ ಹೋಯ್ತು. ನಾಲ್ಕನೇ ಸೆಕೆಂಡಿಗೆ ಮೂತಿ ಮೇಲೆದ್ದು, ಗಾಳಿಯಲ್ಲೇ ಪಲ್ಟಿ ಹೊಡೆದು, ತಲೆಕೆಳಗಾಗಿ ಬಿತ್ತು. ದಡದ ಹತ್ತಿರ ತೆಪ್ಪದಲ್ಲಿದ್ದ ಒಬ್ಬ ಅಣ್ಣ ಅದನ್ನ ಎತ್ಕೊಂಡು ಬಂದು ಕೈಗೆ ಕೊಟ್ಟು ಕೇಳಿದ್ರು: "ಏನಪ್ಪಾ, ಇದು ನೀರಲ್ಲಿ ಓಡೋದಾ, ಮೇಲೆ ಹಾರೋದಾ?"

ಪ್ರಶ್ನೆ ಸರಿಯಾಗೇ ಇತ್ತು. ಇವತ್ತು ಅದಕ್ಕೇ ಉತ್ತರ ಹುಡುಕೋಣ.

ಮೊದಲು ಆಟದ ನಿಯಮ. ಅಮೆರಿಕದ ಮಾಡೆಲ್ ದೋಣಿ ಕ್ಲಬ್‌ಗಳಲ್ಲಿ ನೇರ ಓಟದ ಉದ್ದ 330 ಅಡಿ, ಅಂದ್ರೆ ನಮ್ಮ ಲೆಕ್ಕದಲ್ಲಿ ನೂರು ಮೀಟರ್. ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ ಓಡಿಸಿ ಸರಾಸರಿ ತೆಗೀತಾರೆ. ಯಾಕೆ ಎರಡು ಸಲ? ಬೆನ್ನ ಹಿಂದೆ ಗಾಳಿ ಇದ್ರೆ ಯಾರು ಬೇಕಾದ್ರೂ ಹೀರೋ ಆಗಬಹುದು. ದೊಡ್ಡ ದೋಣಿಗಳ ವಿಶ್ವದಾಖಲೆಗೂ ಹೀಗೇ ಎರಡು ದಿಕ್ಕಿನ ಲೆಕ್ಕ. ಆ ದಾಖಲೆ ಕೆನ್ ವಾರ್ಬಿ ಎಂಬ ಆಸ್ಟ್ರೇಲಿಯನ್ನರದ್ದು. ಸಿಡ್ನಿಯ ತಮ್ಮ ಮನೆ ಹಿತ್ತಲಲ್ಲಿ ದೋಣಿ ಕಟ್ಟಿ, ಹರಾಜಿನಲ್ಲಿ ತಂದ ಹಳೇ ಜೆಟ್ ಎಂಜಿನ್ ಕೂರಿಸಿ, 1978ರ ಅಕ್ಟೋಬರ್ 8ರಂದು ಬ್ಲೋರಿಂಗ್ ಅಣೆಕಟ್ಟೆಯ ನೀರಲ್ಲಿ ಗಂಟೆಗೆ 511 ಕಿಲೋಮೀಟರ್ ವೇಗದಲ್ಲಿ ಓಡಿಸಿದ್ರು. ಅದಕ್ಕೂ ಮುಂಚೆ, 1967ರ ಜನವರಿ 4ರಂದು, ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಇದೇ ಪ್ರಯತ್ನ ಮಾಡಿದ್ರು. ಹೋಗುವಾಗ ಗಂಟೆಗೆ 297 ಮೈಲಿ. ವಾಪಸ್ ಬರುವಾಗ 300 ದಾಟಿತ್ತು. ಅಷ್ಟರಲ್ಲಿ ಬ್ಲೂಬರ್ಡ್ ದೋಣಿಯ ಮೂತಿ ಎದ್ದು, ಅದು ಮಗುಚಿ ಬಿತ್ತು. ಅವರು ಉಳೀಲಿಲ್ಲ.

ನನ್ನ ಎರಡು ಕೆ.ಜಿ. ದೋಣಿಗೂ ಆಗಿದ್ದು ಅದೇ. ವೇಗ ಎರಡರಷ್ಟಾದ್ರೆ ತಳಕ್ಕೆ ಬಡಿಯೋ ಗಾಳಿಯ ಬಲ ನಾಲ್ಕರಷ್ಟು. ಒಂದು ಹಂತದಲ್ಲಿ ಆ ಬಲ ದೋಣಿಯ ಮುಂಭಾಗದ ತೂಕಾನೇ ಮೀರಿಸಿಬಿಡುತ್ತೆ. ಮೋಟಾರ್ ದುಡ್ಡು ಕೊಟ್ರೆ ಸಿಗುತ್ತೆ ಕಣ್ರೀ, ದೋಣೀನ ನೀರಿಗೆ ಅಂಟಿಸಿಡೋದೇ ಅಸಲಿ ಕೆಲಸ.

ಹಾಗಂತ ಪೂರ್ತಿ ಅಂಟಿಸಿದ್ರೂ ಕಷ್ಟ, ನೀರು ಹಿಡಿದು ಎಳೆಯುತ್ತೆ. ಅದಕ್ಕೇ ಸ್ಪೀಡ್ ಓಟಕ್ಕೆ 'ರಿಗ್ಗರ್' ಅನ್ನೋ ವಿನ್ಯಾಸ. ನಡುವೆ ಸಣಕಲು ಡಬ್ಬಿಯಂಥ ಒಡಲು, ಮುಂದೆ ಎರಡೂ ಪಕ್ಕ ಕಾರ್ಬನ್ ಕೊಳವೆಗೆ ಸಿಕ್ಕಿಸಿದ ಎರಡು ತೇಲುಗಾಲು. ವೇಗ ಬಂದ ಮೇಲೆ ಆ ಎರಡು ಕಾಲಿನ ಹಿಂತುದಿ, ಹಿಂದಿನ ಪ್ರೊಪೆಲ್ಲರ್, ಇವಿಷ್ಟೇ ನೀರಿಗೆ ತಾಗೋದು. ಚುಕ್ಕಾಣಿಯ ತುದಿ ಬೇರೆ. ಪ್ರೊಪೆಲ್ಲರ್ ಕೂಡ ಅರ್ಧ ನೀರಲ್ಲಿ, ಅರ್ಧ ಗಾಳಿಯಲ್ಲಿ. ಒಡಲು ಚಪ್ಪಟೆ ಹಲಗೆಗಳದ್ದು, ಹಾಗಾಗಿ ತೆಳು ಪ್ಲೈವುಡ್ ಕತ್ತರಿಸಿ ಎಪಾಕ್ಸಿಯಲ್ಲಿ ಅಂಟಿಸಿದ್ರೆ ಮನೆಯಲ್ಲೇ ಆಗುತ್ತೆ. ಒಳಗೆ ಖಾಲಿ ಜಾಗಕ್ಕೆಲ್ಲ ಥರ್ಮಕೋಲ್ ತುಂಬಿ. ನನ್ನದು ಪಲ್ಟಿ ಹೊಡೆದ ಮೇಲೂ ತೇಲಿದ್ದು ಅದರಿಂದಲೇ.

ಈಗ ಲೆಕ್ಕ. ನಾನು ಬಿ.ಕಾಂ., ನನಗೇ ಬರುತ್ತೆ ಅಂದ್ರೆ ನಿಮಗೂ ಬರುತ್ತೆ. ಬ್ರಶ್‌ಲೆಸ್ ಮೋಟಾರ್ ಮೇಲೆ 'ಕೆವಿ' ಅಂತ ಒಂದು ಸಂಖ್ಯೆ ಇರುತ್ತೆ: ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. ನನ್ನದು 2000. ನಾಲ್ಕು ಸೆಲ್ ಲಿಪೋ ಬ್ಯಾಟರಿ 14.8 ವೋಲ್ಟ್. ಗುಣಿಸಿದ್ರೆ ನಿಮಿಷಕ್ಕೆ 29,600 ಸುತ್ತು. ಪ್ರೊಪೆಲ್ಲರ್ ಅಗಲ 40 ಮಿಲಿಮೀಟರ್, ಪಿಚ್ ಅದರ 1.4 ಪಟ್ಟು, ಅಂದ್ರೆ ಒಂದು ಸುತ್ತಿಗೆ ದೋಣಿ 56 ಮಿಲಿಮೀಟರ್ ಮುಂದೆ ಹೋಗಬೇಕು. ಎಲ್ಲಾ ಗುಣಿಸಿದ್ರೆ ಗಂಟೆಗೆ ಸುಮಾರು 99 ಕಿಲೋಮೀಟರ್. ಇದು ಕಾಗದದ ಮೇಲಿನ ಲಾಭ! ಭಾರ ಬಿದ್ದಾಗ ಮೋಟಾರ್ ಸುತ್ತು ಇಳಿಯುತ್ತೆ, ಪ್ರೊಪೆಲ್ಲರ್ ನೀರಲ್ಲಿ ಜಾರುತ್ತೆ. ಎರಡಕ್ಕೂ ನಾನು ಶೇಕಡಾ 15ರಂತೆ ಕಳೀತೀನಿ. ಉಳಿಯೋದು 72.

72 ಅಂದ್ರೆ ಸೆಕೆಂಡಿಗೆ 20 ಮೀಟರ್. ನೂರು ಮೀಟರಿಗೆ ಐದೇ ಸೆಕೆಂಡ್! ಹಾಗಾಗಿ ದಪ್ಪ ಬ್ಯಾಟರಿ ಹೊರೋದು ದಂಡ. ನೂರು ಆಂಪಿಯರ್ ಎಳೆದ್ರೂ 5000 ಎಂಎಎಚ್ ಬ್ಯಾಟರಿ ಮೂರು ನಿಮಿಷ ಬರುತ್ತೆ, ನಮಗೆ ಬೇಕಿರೋದು ಅದರಲ್ಲಿ ಚೂರು. ಇನ್ನೂ ವೇಗ ಬೇಕಂದ್ರೆ ದೊಡ್ಡ ಮೋಟಾರ್ ತಗೊಳ್ಳೋಣ ಅನ್ಸುತ್ತೆ. 72ರಿಂದ 90ಕ್ಕೆ, ಅಂದ್ರೆ ಬರೀ ಕಾಲುಭಾಗ ಜಾಸ್ತಿ ವೇಗಕ್ಕೆ, ಹೆಚ್ಚುಕಮ್ಮಿ ಎರಡರಷ್ಟು ಶಕ್ತಿ ಬೇಕು. ನನ್ನ ಪರ್ಸಿಗಂತೂ ಪ್ರೊಪೆಲ್ಲರ್ ತಿದ್ದೋದೇ ಅಗ್ಗ.

ಲೋಹದ ಪ್ರೊಪೆಲ್ಲರ್ ಅಚ್ಚಿನಿಂದ ಬಂದ ಹಾಗೇ ಹಾಕಬಾರದು. ಅಂಚು ಚೂಪಾಗಬೇಕು, ಎರಡೂ ಎಲೆ ಸಮತೂಕ ಆಗಬೇಕು. ನುಣುಪು ಕಂಬಿಗೆ ಸಿಕ್ಕಿಸಿ ಅಡ್ಡ ಹಿಡಿದ್ರೆ ಭಾರದ ಎಲೆ ಕೆಳಗಿಳಿಯುತ್ತೆ; ಅದರ ಬೆನ್ನನ್ನ ಉಜ್ಜಬೇಕು. ದಯವಿಟ್ಟು ಇದೊಂದು ಗಮನಿಸಿ: ಈ ಪ್ರೊಪೆಲ್ಲರ್‌ಗಳಲ್ಲಿ ಹಲವು ಬೆರಿಲಿಯಂ ಬೆರೆತ ತಾಮ್ರದವು. ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಒಣಗಿದ್ದಾಗ ಉಜ್ಜಲೇಬೇಡಿ. ನೀರು ಹಾಕ್ತಾ ಎಮರಿ ಶೀಟಲ್ಲಿ ಉಜ್ಜಿ, ಮಾಸ್ಕ್ ಹಾಕಿ, ಅಡುಗೆಮನೆ ಸಿಂಕಲ್ಲಿ ಬೇಡ.

ಮತ್ತೆ ಪಲ್ಟಿಗೆ ಬರ್ತೀನಿ. ನಾನು ಮಾಡಿದ್ದು ಎರಡೇ ಬದಲಾವಣೆ. ಬ್ಯಾಟರಿಯನ್ನ ಮೂರು ಸೆಂಟಿಮೀಟರ್ ಮುಂದಕ್ಕೆ ತಳ್ಳಿದೆ. ಜಾಸ್ತಿ ತಳ್ಳಿದ್ರೆ ಮೂತಿ ನೀರಿಗೆ ಚುಚ್ಚಿಕೊಳ್ಳುತ್ತೆ, ಅದಕ್ಕೇ ಅರ್ಧರ್ಧ ಸೆಂಟಿಮೀಟರ್ ಸರಿಸ್ತಾ ಹೋದೆ. ಆಮೇಲೆ ಪ್ರೊಪೆಲ್ಲರ್ ಹಿಡಿದಿರೋ ಸ್ಟ್ರಟ್‌ನ ಕೋನವನ್ನ ಒಂದು ಡಿಗ್ರಿ ತಿದ್ದಿದೆ. ಆ ಒಂದು ಡಿಗ್ರಿಯಲ್ಲೇ ಹಿಂಭಾಗ ಏಳುತ್ತೋ ಕೂರುತ್ತೋ ಅನ್ನೋದು ನಿರ್ಧಾರ ಆಗುತ್ತೆ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯ್ತು ಗೊತ್ತಾಗಲ್ಲ.

ವೇಗ ಅಳೆಯೋಕೆ ಫೋನ್ ಕಟ್ಟಬೇಡಿ. ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದ್ಸಲ ಜಾಗ ನೋಡುತ್ತೆ, ಅಷ್ಟರಲ್ಲಿ ದೋಣಿ 20 ಮೀಟರ್ ಹೋಗಿರುತ್ತೆ. ಸೆಕೆಂಡಿಗೆ ಹತ್ತು ಸಲ ನೋಡೋ ಪುಟ್ಟ ಲಾಗರ್ ಸಿಗುತ್ತೆ. ಅದರಲ್ಲೂ 'ಪೀಕ್' ಸಂಖ್ಯೆ ನಂಬಬೇಡಿ. ನನ್ನ ಪಲ್ಟಿಗೆ ಅದು 141 ತೋರಿಸಿತ್ತು!

ಇನ್ನು ಜನ. 70ರ ವೇಗದಲ್ಲಿ ಬರೋ ಚೂಪು ಪ್ರೊಪೆಲ್ಲರ್ ಯಾರ ಕೈಕಾಲನ್ನೂ ಬಿಡಲ್ಲ. ಮೊದಲ ದಿನ ನೀರಲ್ಲಿ ತೆಪ್ಪ ಇದ್ದಾಗಲೇ ಓಡಿಸಿದ್ದು ನನ್ನ ದಡ್ಡತನ. ಈಗ ಪಂಚಾಯಿತಿಯಲ್ಲಿ ಕೇಳಿ, ಕೆರೆಯ ಮೀನು ಹರಾಜು ಹಿಡಿದವರಿಗೂ ಹೇಳಿ, ತೆಪ್ಪ ಎಲ್ಲಾ ದಡಕ್ಕೆ ಬಂದ ಮೇಲೇ ಇಳಿಸ್ತೀನಿ. ರಿಮೋಟ್ ಸಿಗ್ನಲ್ ಹೋದ್ರೆ ಮೋಟಾರ್ ತಾನೇ ನಿಲ್ಲೋ ಹಾಗೆ ಫೇಲ್‌ಸೇಫ್ ಸೆಟ್ ಮಾಡಿ, ಪ್ರೊಪೆಲ್ಲರ್ ಬಿಚ್ಚಿಟ್ಟು ಪರೀಕ್ಷೆ ಮಾಡಿ. 2.4 ಗಿಗಾಹರ್ಟ್ಸ್ ಸಿಗ್ನಲ್ ನೀರನ್ನ ದಾಟಲ್ಲ, ಆಂಟೆನಾ ಕೊಳವೆಯಲ್ಲಿ ನೆಟ್ಟಗೆ ಮೇಲಿರಲಿ. ಒದ್ದೆಯಾದ, ಉಬ್ಬಿದ ಲಿಪೋವನ್ನ ಮನೆಯೊಳಗೆ ಚಾರ್ಜ್‌ಗೆ ಹಾಕಿ ಮಲಗಬೇಡಿ, ಅದು ಹೊತ್ತಿಕೊಂಡ್ರೆ ಆರಿಸೋದು ಸುಲಭ ಇಲ್ಲ.

ಯುಗಾದಿ ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಎರಡನೇ ಪ್ರಯತ್ನ. ನೀರು ಕನ್ನಡಿ ಥರ ಇತ್ತು. ತೆಪ್ಪದ ಅಣ್ಣನೂ ಏರಿ ಮೇಲೆ ಬೀಡಿ ಹಚ್ಕೊಂಡು ಕೂತಿದ್ರು. ಹೋಗ್ತಾ 63 ಬಂತು. ಹಿಂದಿನ ಓಟದ ಅಲೆ ಪೂರ್ತಿ ತಣಿಯೋವರೆಗೂ ಕಾದು ವಾಪಸ್ ಬಿಟ್ಟೆ, 57. ಸರಾಸರಿ 60. ಲೆಕ್ಕದ 72ಕ್ಕೆ ಇನ್ನೂ 12 ಕಮ್ಮಿ. ಸ್ಟ್ರಟ್ ಸ್ವಲ್ಪ ಜಾಸ್ತಿ ಆಳ ಇದೆ ಅಂತ ನನ್ನ ಅನುಮಾನ. ಎರಡು ಮಿಲಿಮೀಟರ್ ಮೇಲೆತ್ತಿದ್ದೀನಿ, ಮುಂದಿನ ಸಲ ಊರಿಗೆ ಹೋದಾಗ ನೋಡಬೇಕು.