ಪಾಳು ಆಸ್ಪತ್ರೆಯ ವಿಡಿಯೊ, ಮನೆಯ ಹಿಂದಿನ ಕೋಣೆ

ತುಕ್ಕು ಹಿಡಿದ ಮಂಚ, ಸುಣ್ಣ ಉದುರಿದ ಗೋಡೆ, ಕಂಬಿ ಹಾಕಿದ ಕಿಟಕಿ, ನೆಲದ ತುಂಬ ಚದುರಿದ ಕಡತ. ಮುಚ್ಚಿಹೋದ ಹುಚ್ಚಾಸ್ಪತ್ರೆಗಳ ಒಳಗೆ ಟಾರ್ಚ್ ಹಿಡಿದು ತಿರುಗುವ ವಿಡಿಯೊಗಳನ್ನು ನಿಮ್ಮ ಮನೆಯ ಹುಡುಗರು ನೋಡಿರುತ್ತಾರೆ. ಹೆಚ್ಚಿನವು ಯುರೋಪ್, ಅಮೆರಿಕದವು. ರಾತ್ರಿ ನೋಡಿ ಹೆದರಿ ಮಲಗುವುದಷ್ಟೇ ಆಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ.

ಮೊದಲು ಶುಚಿತ್ವದ ಮಾತು ಹೇಳಿಬಿಡುತ್ತೇನೆ. ಪಾಳು ಕಟ್ಟಡ ಯಾವುದೇ ಇರಲಿ, ಒಳಗೆ ಹೋಗಬಾರದು. ನಮ್ಮ ಕರಾವಳಿಯ ಮಳೆಯಲ್ಲಿ ಸೋರಿದ ಮಾಡು ಯಾವಾಗ ಕುಸಿಯುತ್ತದೆಂದು ಹೇಳಲಾಗದು. ಬಾವಲಿ, ಪಾರಿವಾಳದ ಒಣಗಿದ ಹಿಕ್ಕೆಯ ಧೂಳಿನಿಂದ ಶ್ವಾಸಕೋಶಕ್ಕೆ ಶಿಲೀಂಧ್ರದ ಸೋಂಕು ತಗಲಬಹುದು. ನಿಂತ ನೀರಿಗೆ ಇಲಿಯ ಮೂತ್ರ ಸೇರಿದ್ದರೆ ಕಾಲಿನ ಸಣ್ಣ ಗಾಯದ ಮೂಲಕವೇ ಇಲಿಜ್ವರ ಬರುತ್ತದೆ. ಹೋಗಿ ಬಂದ ಕೆಲವು ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಕಾಣಿಸಿದರೆ, ಎಲ್ಲಿಗೆ ಹೋಗಿದ್ದೆವು ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಆದರೆ ಈ ವಿಡಿಯೊಗಳ ದೊಡ್ಡ ಹಾನಿ ಬೇರೆ. ಮಾನಸಿಕ ಆಸ್ಪತ್ರೆ ಎಂದರೆ ಕಂಬಿ, ಕತ್ತಲೆ, ಕಿರುಚಾಟ ಎಂಬ ಹಳೆಯ ಭಯವನ್ನು ಅವು ಗಟ್ಟಿ ಮಾಡುತ್ತವೆ. ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳಲ್ಲಿ ಇದರ ಫಲ ಕಾಣುತ್ತೇನೆ. ಗಲ್ಫಿನಿಂದ ಬಂದ ಮಗ ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ, ಊಟಕ್ಕೆ ಯಾರೋ ವಿಷ ಬೆರೆಸಿದ್ದಾರೆ ಎನ್ನುತ್ತಾನೆ, ಒಬ್ಬನೇ ಮಾತಾಡುತ್ತಾನೆ. "ತಂಗಿಯ ನಿಕಾಹ್ ಆಗಲಿ, ಆಮೇಲೆ ನೋಡೋಣ" ಎಂದು ಅವನನ್ನು ಹಿಂದಿನ ಕೋಣೆಯಲ್ಲಿ ಇಡುತ್ತಾರೆ. ಹೊರಗಿನಿಂದ ಚಿಲಕ. "ಅಲ್ಲಿಗೆ ಮಾತ್ರ ಬೇಡ ಹಕೀಂ ಸಾಹೇಬರೇ, ನೀವೇ ಏನಾದರೂ ಕೊಡಿ" ಎನ್ನುತ್ತಾರೆ. ಖಮೀರಾ ಗಾವ್‌ಜಬಾನ್ ಒಳ್ಳೆಯ ಔಷಧ, ನಿಜ. ಆದರೆ ಈ ಕಾಯಿಲೆಗೆ ಅದು ಮನೋವೈದ್ಯರ ಮಾತ್ರೆಯ ಬದಲಿ ಅಲ್ಲ. ಕೋಣೆಯೊಳಗೆ ಕಳೆದ ಒಂದೊಂದು ತಿಂಗಳೂ ಗುಣವಾಗುವುದನ್ನು ಕಷ್ಟ ಮಾಡುತ್ತದೆ.

ಪಶ್ಚಿಮದ ಆ ಕಟ್ಟಡಗಳು ಏಕೆ ಖಾಲಿಯಾದವು? ಭೂತದ ಕಾಟದಿಂದಲ್ಲ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್‌ನಂಥ ಮಾತ್ರೆಗಳು ಬಂದವು, ಜೀವನವಿಡೀ ಒಳಗೇ ಇರಬೇಕಾಗಿದ್ದ ಅನೇಕರು ಮನೆಯಲ್ಲೇ ಇದ್ದು ಚಿಕಿತ್ಸೆ ಪಡೆಯುವಂತಾಯಿತು. ಇಟಲಿ 1978ರಲ್ಲಿ ಇಂಥ ಆಸ್ಪತ್ರೆಗಳನ್ನು ಮುಚ್ಚಲು ಕಾನೂನನ್ನೇ ತಂದಿತು. (ಹೊರಬಂದವರಿಗೆಲ್ಲ ಆಸರೆ ಸಿಗಲಿಲ್ಲ, ಕೆಲವು ದೇಶಗಳಲ್ಲಿ ಅನೇಕರು ಬೀದಿಪಾಲಾದರು. ಅದೂ ಸತ್ಯ.) ನಮ್ಮ ಕಡೆ "ಧಾರವಾಡಕ್ಕೆ ಕಳಿಸಬೇಕು" ಎಂದು ತಮಾಷೆ ಮಾಡುತ್ತಾರಲ್ಲ, 1845ರಲ್ಲಿ ಆರಂಭವಾದ ಆ ಆಸ್ಪತ್ರೆ ಪಾಳು ಬಿದ್ದಿಲ್ಲ. ಇಂದು ಅದು ಡಿಮ್ಹಾನ್ಸ್, ವೈದ್ಯರನ್ನು ತಯಾರು ಮಾಡುವ ಸಂಸ್ಥೆ.

ಪಾಳು ಬಿದ್ದ ಆಸ್ಪತ್ರೆಯನ್ನೇ ನೋಡಬೇಕೆಂದರೆ ಮಕ್ಕಳಿಗೆ ತುರ್ಕಿಯ ಎದಿರ್ನೆಯ ದಾರುಶ್ಶಿಫಾದ ಚಿತ್ರ ತೋರಿಸಿ. ಸುಲ್ತಾನ್ ಎರಡನೇ ಬಾಯಝೀದ್ 1488ರಲ್ಲಿ ಮುಗಿಸಿದ ಕಟ್ಟಡ. ಗುಮ್ಮಟದ ಕೆಳಗೆ ಕಾರಂಜಿ, ಸುತ್ತ ರೋಗಿಗಳ ಕೋಣೆಗಳು. 17ನೇ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಪ್ರವಾಸಿ ಎವ್ಲಿಯಾ ಚೆಲೆಬಿ, ರೋಗಿಗಳಿಗಾಗಿ ಹತ್ತು ಮಂದಿ ಕಲಾವಿದರು ವಾರಕ್ಕೆ ಮೂರು ದಿನ ಸಂಗೀತ ನುಡಿಸುತ್ತಿದ್ದುದನ್ನು ಬರೆದಿದ್ದಾನೆ. ಅದೂ ಕಾಲಕ್ರಮದಲ್ಲಿ ಶಿಥಿಲವಾಯಿತು. ದುರಸ್ತಿಯಾಗಿ 1997ರಿಂದ ವಸ್ತುಸಂಗ್ರಹಾಲಯವಾಗಿದೆ. ಮನೋರೋಗಿಯನ್ನು ಗೌರವದಿಂದ ನೋಡಿಕೊಳ್ಳುವುದು ನಮಗೆ ಹೊರಗಿನಿಂದ ಬಂದ ಪಾಠವಲ್ಲ.

ಹಾಗಿದ್ದೂ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದದ್ದನ್ನು ಮರೆಯಲಾಗದು. ದರ್ಗಾದ ಆ ಊರಿನ ಖಾಸಗಿ ಆಶ್ರಯದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿ ಹಾಕಿದ್ದ ರೋಗಿಗಳು ಓಡಲಾಗದೆ 28 ಮಂದಿ ತೀರಿಹೋದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ದುಆ ಮಾಡಿ, ರುಕ್ಯಾ ಓದಿಸಿ, ಯಾರೂ ಬೇಡ ಎನ್ನುವುದಿಲ್ಲ. ಹೊಡೆಯುವವರ, ಹೊಗೆ ಹಾಕುವವರ, ಮಾತ್ರೆ ನಿಲ್ಲಿಸು ಎನ್ನುವವರ ಬಾಗಿಲಿಗೆ ಮಾತ್ರ ಹೋಗಬೇಡಿ.

ಎಲ್ಲರೂ ಧಾರವಾಡಕ್ಕೋ ಮಣಿಪಾಲಕ್ಕೋ ಹೋಗಬೇಕಾಗಿಲ್ಲ. ಸರಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ಇಟ್ಟಿದ್ದಾರೆ. ಈ ವಾರ ಇದೆಯೇ ಎಂದು ಮೊದಲೇ ಕೇಳಿಕೊಂಡು ಹೋಗಿ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ ಮಾನಸ್ ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರೋಗಿ ಸಾಯುವ ಮಾತಾಡಿದರೆ ಮಂಗಳವಾರಕ್ಕೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ರಮಝಾನ್‌ನಲ್ಲಿ ಹಲವರು ತಾವಾಗಿಯೇ ಮಾತ್ರೆ ಬಿಡುತ್ತಾರೆ. ಕೆಲವು ಮಾತ್ರೆಗಳನ್ನು ವೈದ್ಯರು ಇಫ್ತಾರ್, ಸಹರಿಯ ಹೊತ್ತಿಗೆ ಹೊಂದಿಸಿಕೊಡಬಲ್ಲರು. ಲಿಥಿಯಂ ತೆಗೆದುಕೊಳ್ಳುವವರಿಗೆ ಮೈಯ ನೀರು ಕಡಿಮೆಯಾದರೆ ಅದು ರಕ್ತದಲ್ಲಿ ಏರಿ ವಿಷವಾಗುತ್ತದೆ, ನಮ್ಮ ಬೇಸಿಗೆಯ ಬೆವರಿನಲ್ಲಿ ಇನ್ನೂ ಬೇಗ. ಅಂಥವರು ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ, ಅದು ನಾಚಿಕೆಯ ವಿಷಯವಲ್ಲ. ತಪಾಸಣೆಗೆ ಹೋಗುವಾಗ ಹಳೆಯ ಚೀಟಿಗಳ ಜೊತೆ ನುಂಗುತ್ತಿರುವ ಎಲ್ಲ ಔಷಧಿಗಳನ್ನೂ ಒಯ್ಯಿರಿ, ಹಕೀಮರು ಕೊಟ್ಟ ಡಬ್ಬಿಯನ್ನೂ ಸೇರಿಸಿ.