ಕ್ಯಾಬ್ ಚಾಲಕರಿಗೆ ನಿದ್ದೆಯೇ ವೈರಿ

ಬೆಂಗಳೂರಿನಲ್ಲಿ ಈಗ ಮೊಬೈಲಿನ ಆ್ಯಪ್ ಒತ್ತಿದರೆ ಸಾಕು, ಬಾಡಿಗೆ ಕಾರು ಮನೆ ಬಾಗಿಲಿಗೇ ಬರುತ್ತದೆ. ಅಂಥ ಕಾರು ಓಡಿಸಲು ನಮ್ಮೂರಿನಿಂದಲೂ ಐದಾರು ಜನ ಹೋಗಿದ್ದಾರೆ. ಅವರಲ್ಲಿ ನಮ್ಮ ಸೋದರಮಾವ ಒಬ್ಬರು. ಅಪಘಾತ ಆದರೆ ‘ಜೋರಾಗಿ ಓಡಿಸಿರ್ತಾನೆ ಬಿಡು’ ಅಂತಾರೆ ಜನ. ನಿದ್ದೆಗೆಟ್ಟು ಓಡಿಸುವುದೂ ಅಷ್ಟೇ ಅಪಾಯ ಎಂಬುದು ಯಾರಿಗೂ ನೆನಪಾಗುವುದಿಲ್ಲ.

ನಿದ್ದೆ ಏಕೆ ಕೆಡುತ್ತದೆ? ಕಾರಿನ ಸಾಲದ ಕಂತು, ಡೀಸೆಲ್ಲು, ಕಂಪನಿಯ ಕಮಿಷನ್ನು ಎಲ್ಲಾ ಕಳೆದರೆ ಉಳಿಯುವುದು ಸ್ವಲ್ಪ. ಅದಕ್ಕೆ ಮಾವ ಬೆಳಗಿನ ಜಾವ 4 ಗಂಟೆಗೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಟರೆ ಮನೆ ಸೇರುವಾಗ ರಾತ್ರಿ 10. ದಿನಕ್ಕೆ 12 ಗಂಟೆಗಿಂತ ಹೆಚ್ಚು ಕೆಲಸ ಕೂಡದು, ಆಮೇಲೆ 10 ಗಂಟೆ ವಿರಾಮ ಬೇಕು ಎಂದು ಕೇಂದ್ರ ಸರ್ಕಾರವು 2020ರ ಮಾರ್ಗಸೂಚಿಯಲ್ಲೇ ಹೇಳಿತ್ತು. ಆದರೆ ಒಂದು ಆ್ಯಪ್ ಮುಚ್ಚಿ ಇನ್ನೊಂದು ತೆರೆದರೆ ಕೇಳುವವರು ಯಾರು?

ಒಂದು ಲೆಕ್ಕ ಮಾಡೋಣ. ಗಂಟೆಗೆ 60 ಕಿ.ಮೀ. ಅಂದರೆ 60,000 ಮೀಟರ್. ಅದನ್ನು 3,600ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 16 ಮೀಟರ್ 66 ಸೆಂ.ಮೀ. ಎರಡು ಸೆಕೆಂಡು ಕಣ್ಣು ಮುಚ್ಚಿದರೆ ಕಾರು 33 ಮೀಟರ್ ಕುರುಡಾಗಿ ಓಡಿರುತ್ತದೆ!

2024ರಲ್ಲಿ ಮಾವನಿಗೆ ಹೀಗೇ ಜೊಂಪು ಹತ್ತಿ ಕಾರು ಡಿವೈಡರಿಗೆ ಗುದ್ದಿತು. ಬೆಲ್ಟು ಹಾಕಿದ್ದರು, ಆದರೂ ಒಂದು ಪಕ್ಕೆಲುಬು ಬಿರುಕು ಬಿಟ್ಟಿತು. ಹಿಂದೆ ಕೂತಿದ್ದವರು ಬೆಲ್ಟು ಹಾಕಿರಲಿಲ್ಲ. ಮುಂದಿನ ಸೀಟಿಗೆ ಮುಖ ಬಡಿದು ಎರಡು ಹಲ್ಲು ಮುರಿದವು. ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸುತ್ತೇವಲ್ಲ, ಇದೂ ಅದೇ. ಕಾರು ನಿಂತರೂ ಮೈ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ತೀರಿಕೊಂಡ ಉದ್ಯಮಿ ಸೈರಸ್ ಮಿಸ್ತ್ರಿಯವರೂ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕದೆ ಕೂತಿದ್ದರು. ‘ಬೆಲ್ಟು ಹಾಕ್ಕೊಳ್ಳಿ ಸಾರ್’ ಅಂದರೆ ಕೆಲವರು ಸಿಟ್ಟಾಗಿ ಆ್ಯಪ್‌ನಲ್ಲಿ ನಕ್ಷತ್ರ ಕಡಿಮೆ ಕೊಡ್ತಾರಂತೆ. ಹಾಗಾಗಿ ಮಾವ ಸುಮ್ಮನಿರುತ್ತಿದ್ದರು. ಈಗ ಹೇಳಿಯೇ ಗಾಡಿ ತೆಗೆಯುತ್ತಾರೆ.

ಎರಡು ತಿಂಗಳು ಅವರು ನಮ್ಮ ಮನೆಯಲ್ಲೇ ಮಲಗಿದ್ದರು. ದುಡಿಮೆ ನಿಂತರೂ ಕಂತು ನಿಲ್ಲಲಿಲ್ಲ. ಅತ್ತೆ ಓಲೆ ಅಡವಿಟ್ಟರು.

ರಸ್ತೆಯಲ್ಲಿ ಯಾರಿಗಾದರೂ ಹೀಗಾದರೆ 108ಕ್ಕೆ ಫೋನ್ ಮಾಡಬೇಕು. ಬೆಂಕಿಯಂಥ ಅಪಾಯ ಇಲ್ಲದಿದ್ದರೆ ಗಾಯಾಳುವನ್ನು ಎಳೆದಾಡಬಾರದು, ಕುತ್ತಿಗೆ ತಿರುಗಿಸಬಾರದು. ‘ಪೊಲೀಸ್ ಕೇಸು ನಮಗ್ಯಾಕೆ’ ಅಂತ ದೊಡ್ಡವರು ದೂರ ಸರಿಯುತ್ತಾರೆ. ಆದರೆ 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 134ಎ ಕಲಮಿನ ಪ್ರಕಾರ, ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ.

– 7ನೇ ತರಗತಿ ವಿದ್ಯಾರ್ಥಿ